ಮ್ಯೂನಿಕ್ ಸಂತೆಯ ನಾಲ್ಕು ಲೆನ್ಸ್: ಯಾವುದನ್ನು ತರಲಿ, ಯಾವುದನ್ನು ಬಿಡಲಿ?

ಪ್ರಶ್ನೆ: ಸರ್, ನಾನು ತೀರ್ಥಹಳ್ಳಿ ಕಡೆಯವನು. ಕೆಲಸದ ಮೇಲೆ ಮ್ಯೂನಿಕ್‌ನಲ್ಲಿದ್ದೇನೆ, ಬರುವ ವರ್ಷ ಊರಿಗೇ ವಾಪಸು. ನನ್ನ ಹತ್ತಿರ ಸೋನಿ ಫುಲ್‌ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಇದೆ. ಇಲ್ಲಿನ ಹಳೇ ಸಾಮಾನಿನ ಸಂತೆಯಲ್ಲಿ ಒಬ್ಬ ಅಜ್ಜ ಹಳೆಯ ಲೆನ್ಸ್ ಮಾರುತ್ತಾರೆ. ನಾಲ್ಕನ್ನು ಎತ್ತಿಡಿ ಅಂತ ಹೇಳಿ ಬಂದಿದ್ದೇನೆ: ಗೋರ್ಲಿಟ್ಸ್‌ನ ಮೇಯರ್ ಕಂಪನಿಯ ಡೊಮಿಪ್ಲಾನ್ 50 ಎಂಎಂ, ಶ್ಟೈನ್‌ಹೈಲ್ ಕುಲ್ಮಿನಾರ್ 85 ಎಂಎಂ, ಎರಡು ಅಪರ್ಚರ್ ರಿಂಗ್ (ಬೆಳಕು ಒಳಬರುವ ಬಾಯಿಯನ್ನು ಹಿಗ್ಗಿಸಿ ಕುಗ್ಗಿಸುವ ಬಳೆ) ಇರುವ ಶಾಖ್ಟ್ ಟ್ರಾವೆನಾರ್ 90 ಎಂಎಂ, ಶ್ಟೇಬ್ಲೆ ಟೆಲೆಕ್ಸಾನ್ 85 ಎಂಎಂ. ಝೈಸ್, ಲೈಕಾ ಬಿಟ್ಟು ಉಳಿದದ್ದೆಲ್ಲ ಕಸ ಅಂತಾನೆ ಜೊತೆಗೆ ಕೆಲಸ ಮಾಡುವ ಗೆಳೆಯ. ಡೊಮಿಪ್ಲಾನ್ ಅಂದರೆ ಬಡವರ ಟ್ರಿಯೋಪ್ಲಾನ್ (ಮೇಯರ್‌ನದೇ ದುಬಾರಿ ಲೆನ್ಸ್), ಚಿತ್ರದ ಹಿನ್ನೆಲೆಯಲ್ಲಿ ಅದೇ ಸೋಪಿನ ಗುಳ್ಳೆ ಬರುತ್ತೆ ಅಂತಾರೆ ಅಜ್ಜ. ಕುಲ್ಮಿನಾರ್, ಟೆಲೆಕ್ಸಾನ್ ಎರಡಕ್ಕೂ ಕ್ಯಾಮೆರಾಕ್ಕೆ ಕೂಡಿಸಲು ಲೈಕಾ ಥ್ರೆಡ್ಡಿನ (ತಿರುಪಿನ) ಒಂದೇ ಅಡಾಪ್ಟರ್ ಸಾಕಂತೆ. ಟಾರ್ಚ್ ಹಾಕಿ ನೋಡಿದೆ. ಕುಲ್ಮಿನಾರ್ ಒಳಗೆ ಮಬ್ಬು, ಟ್ರಾವೆನಾರ್‌ನ ಅಪರ್ಚರ್ ಬ್ಲೇಡುಗಳ ಮೇಲೆ ಎಣ್ಣೆ, ಟೆಲೆಕ್ಸಾನ್ ಅಂಚಿನಲ್ಲಿ ಜೇಡರ ಬಲೆಯಂಥ ಎಳೆ. ಇವನ್ನು ಮಲೆನಾಡಿಗೆ ತಂದರೆ ನನ್ನ ಒಳ್ಳೆಯ ಲೆನ್ಸುಗಳಿಗೂ ಫಂಗಸ್ ಹರಡುತ್ತದಾ? ಯಾವುದಕ್ಕೆ ದುಡ್ಡು ಕೊಡಲಿ?

ಉತ್ತರ: ನಿಮ್ಮ ಗೆಳೆಯನ ಮಾತಿನಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ನಿಮ್ಮ ಎಲ್ಲ ಅನುಮಾನದ ಬೇರು ಅಲ್ಲಿದೆ. ಝೈಸ್, ಲೈಕಾ ಅಲ್ಲದ ಜರ್ಮನ್ ಲೆನ್ಸ್ ಅಂದರೆ ಯಾರೋ ಗಲ್ಲಿಯಲ್ಲಿ ಕೂತು ಉಜ್ಜಿದ ಗಾಜು ಎಂಬ ಭಾವನೆ ಬೆಂಗಳೂರಿನಲ್ಲೂ ಬೇಕಾದಷ್ಟು ಜನಕ್ಕಿದೆ. ಇತಿಹಾಸ ಹಾಗಿಲ್ಲ. ನೀವು ಈಗ ಇರುವ ಊರಿನಲ್ಲೇ ಶ್ಟೈನ್‌ಹೈಲ್ ಮನೆತನ 1850ರ ದಶಕದಲ್ಲಿ ಲೆನ್ಸ್ ಕೆಲಸ ಶುರು ಮಾಡಿತ್ತು. ಲೈಕಾ ಕ್ಯಾಮೆರಾ ಮಾರುಕಟ್ಟೆಗೆ ಬಂದದ್ದು 1925ರಲ್ಲಿ. 1866ರಲ್ಲಿ ಅಡಾಲ್ಫ್ ಶ್ಟೈನ್‌ಹೈಲ್ ಮಾಡಿದ ಅಪ್ಲನಾಟ್, ನೇರ ಗೆರೆಗಳು ಅಂಚಿನಲ್ಲಿ ಬಾಗದಂತೆ ತೋರಿಸುತ್ತಿದ್ದ ಲೆನ್ಸ್. ಅದೇ ವರ್ಷ ಲಂಡನ್ನಿನ ಡಾಲ್‌ಮೇಯರ್ ಕೂಡ ಸುಮಾರಾಗಿ ಅಂಥದ್ದನ್ನೇ ತಂದ. ಮುಂದಿನ ಹಲವು ದಶಕ ಊರೂರಿನ ಸ್ಟುಡಿಯೋಗಳು ಆ ವಿನ್ಯಾಸದ ಮೇಲೆಯೇ ನಡೆದವು.

ಇನ್ನು ಮೇಯರ್. ಹ್ಯೂಗೋ ಮೇಯರ್ 1896ರಲ್ಲಿ ಗೋರ್ಲಿಟ್ಸ್‌ನಲ್ಲಿ, ಇವತ್ತಿನ ಪೋಲೆಂಡ್ ಗಡಿಗೆ ಅಂಟಿಕೊಂಡಿರುವ ಊರಿನಲ್ಲಿ, ಹುಟ್ಟುಹಾಕಿದ ಕಂಪನಿ ಅದು. ಝೈಸ್‌ಗೆ ಹೆಸರು ತಂದುಕೊಟ್ಟ 1902ರ ಟೆಸ್ಸಾರ್‌ನ ಹಿಂದೆ ಇದ್ದವರು ಪೌಲ್ ರುಡಾಲ್ಫ್. ಮೊದಲ ಮಹಾಯುದ್ಧ ಮುಗಿದ ಮೇಲೆ ಅದೇ ರುಡಾಲ್ಫ್ ಮೇಯರ್‌ಗೆ ಬಂದು ಪ್ಲಾಸ್ಮಾಟ್ ಲೆನ್ಸುಗಳನ್ನು ಮಾಡಿದರು. ಶಾಖ್ಟ್ ಕತೆ ಇನ್ನೂ ಸೊಗಸು. ಆಲ್ಬರ್ಟ್ ಶಾಖ್ಟ್ 1948ರಲ್ಲಿ ಮ್ಯೂನಿಕ್‌ನಲ್ಲಿ ಶುರು ಮಾಡಿ 1954ರಲ್ಲಿ ಉಲ್ಮ್‌ಗೆ ಹೋದ. ಅವನ ಲೆನ್ಸುಗಳ ಲೆಕ್ಕಾಚಾರ ಮಾಡಿಕೊಟ್ಟವರು ಲುಡ್ವಿಗ್ ಬೆರ್ಟೆಲೆ. ಝೈಸ್‌ನ ಸೊನ್ನಾರ್ ಮತ್ತು ಬಯೋಗಾನ್ ಎರಡೂ ಅವರ ತಲೆಯಿಂದ ಬಂದವೇ. ಅಂದರೆ ನಿಮ್ಮ ಗೆಳೆಯ ಕಸ ಅನ್ನುತ್ತಿರುವುದರ ಹಿಂದೆ, ಅವನು ಕೈಮುಗಿಯುವ ಲೆನ್ಸಿನ ಹಿಂದಿದ್ದ ಮನುಷ್ಯರೇ ಇದ್ದರು.

ಹಾಗಂತ "ಜರ್ಮನಿಯದ್ದಲ್ಲವಾ, ಕಣ್ಣುಮುಚ್ಚಿ ತಗೋ" ಅನ್ನುವುದೂ ಅಷ್ಟೇ ತಪ್ಪು, ಮತ್ತು ಲೆನ್ಸ್ ರಿಪೇರಿ ಮಾಡುವ ನನ್ನ ಬೆಂಚಿಗೆ ಬರುವ ನಿರಾಸೆಗಳಲ್ಲಿ ಹೆಚ್ಚಿನವು ಈ ನಂಬಿಕೆಯಿಂದಲೇ ಹುಟ್ಟಿದವು. ಈ ಚಿಕ್ಕ ಕಂಪನಿಗಳು ಬುದ್ಧಿಯಲ್ಲಿ ಹಿಂದಿರಲಿಲ್ಲ. ಆದರೆ ಕ್ಯಾಮೆರಾ ಕಂಪನಿಗಳು ಹೇಳಿದ ಬೆಲೆಗೆ ಮಾಡಿಕೊಡಬೇಕಿತ್ತು. ನ್ಯೂರೆಂಬರ್ಗ್‌ನ ಬ್ರೌನ್ ಕಂಪನಿಯ ಪ್ಯಾಕ್ಸೆಟ್ ಸಾಮಾನ್ಯ ಸಂಸಾರಸ್ಥರ ಕ್ಯಾಮೆರಾ. ಅದಕ್ಕೆ ಲೆನ್ಸ್ ಒದಗಿಸುತ್ತಿದ್ದ ಮ್ಯೂನಿಕ್‌ನ ಶ್ಟೇಬ್ಲೆ ಆ ಬೆಲೆಗೆ ತಕ್ಕದ್ದನ್ನೇ ಮಾಡಿತು. ಮೇಯರ್ ಒಂದು ಕಡೆ ಪ್ರಿಮೋಪ್ಲಾನ್ 58 ಎಂಎಂ ಎಫ್/1.9ರಂಥ (ಎಫ್ ಅಂಕಿ ಚಿಕ್ಕದಾದಷ್ಟೂ ಅಪರ್ಚರ್ ದೊಡ್ಡದು) ಜಂಬದ ಲೆನ್ಸ್ ಮಾಡಿತ್ತು, ಇನ್ನೊಂದು ಕಡೆ ಅಗ್ಗದ ಎಕ್ಸಾ, ಪ್ರಾಕ್ಟಿಕಾ ಕ್ಯಾಮೆರಾಗಳ ಜೊತೆ ಹೋಗುವ ಡೊಮಿಪ್ಲಾನ್ ಕೂಡ. ಮುಂಭಾಗದ ಹೆಸರಿನ ಪಟ್ಟಿ ನೋಡಿ ಬೆಲೆ ಕಟ್ಟುವುದು ಅದಕ್ಕೇ ಅಪಾಯ. ಒಂದು ಉದಾಹರಣೆ ಸಾಕು. ಮೇಯರ್ ಕಾರ್ಖಾನೆ 1968ರಲ್ಲಿ ಸರ್ಕಾರಿ ಪೆಂಟಾಕಾನ್ ಒಳಗೆ ಸೇರಿಹೋಯಿತು. ಅಲ್ಲಿ ಒರೆಸ್ಟಾನ್ 50 ಎಂಎಂ ಎಫ್/1.8 ಎಂದು ಹೊರಬರುತ್ತಿದ್ದದ್ದೇ ಆಮೇಲೆ ಪೆಂಟಾಕಾನ್ 50 ಎಂಎಂ ಎಫ್/1.8 ಆಯಿತು. ಗಾಜಿನ ವಿನ್ಯಾಸ ಅದೇ, ಪಟ್ಟಿ ಬೇರೆ. ಇವತ್ತಿಗೂ ಮೇಯರ್ ಪಟ್ಟಿ ಇದ್ದರೆ ಕೇಳುವ ಬೆಲೆ ಏರುತ್ತದೆ.

ಪಟ್ಟಿಯ ಬದಲು ನೋಡಬೇಕಾದದ್ದು ಒಳಗಿನ ವಿನ್ಯಾಸ, ಮತ್ತು ನಿಮ್ಮ ಕೈಯಲ್ಲಿರುವ ಆ ಒಂದು ಪೀಸಿನ ಸ್ಥಿತಿ.

ವಿನ್ಯಾಸದ ಮಾತಿಗೆ ಬಂದರೆ ಅಜ್ಜನ ಸೋಪಿನ ಗುಳ್ಳೆಯ ವಿಚಾರ ಬರುತ್ತದೆ. ಅಜ್ಜ ಅರ್ಧ ಸತ್ಯ ಹೇಳಿದ್ದಾರೆ. ಟ್ರಿಯೋಪ್ಲಾನ್, ಡೊಮಿಪ್ಲಾನ್ ಎರಡೂ ಟ್ರಿಪ್ಲೆಟ್, ಅಂದರೆ ನಡುವೆ ಗಾಳಿ ಬಿಟ್ಟು ಕೂರಿಸಿದ ಬಿಡಿಬಿಡಿ ಮೂರು ಗಾಜು. (ಈ ವಿನ್ಯಾಸ ಜರ್ಮನ್ನರದ್ದೇ ಅಲ್ಲ, 1893ರಲ್ಲಿ ಇಂಗ್ಲೆಂಡಿನ ಡೆನಿಸ್ ಟೇಲರ್ ಮಾಡಿದ್ದು. ನಿಮ್ಮ ಗೆಳೆಯನಿಗೆ ಇದನ್ನೂ ಹೇಳಿ.) ಮೂರೇ ಗಾಜಿನಲ್ಲಿ ಎಲ್ಲ ದೋಷ ತಿದ್ದಲು ಆಗುವುದಿಲ್ಲ. ಅಪರ್ಚರ್ ಪೂರ್ತಿ ತೆರೆದಾಗ ಗಾಜಿನ ಅಂಚಿನಿಂದ ಬರುವ ಕಿರಣಗಳು ನಡುವಿನಿಂದ ಬರುವ ಕಿರಣ ಸೇರುವ ಜಾಗದಿಂದ ಸ್ವಲ್ಪ ಆಚೆಗೆ ಹೋಗಿ ಸೇರುತ್ತವೆ. ಹಾಗಾಗಿ ಹಿನ್ನೆಲೆಯಲ್ಲಿ ಫೋಕಸ್ ತಪ್ಪಿದ ಬೆಳಕಿನ ಚುಕ್ಕೆ ಸಮನಾಗಿ ಹರಡದೆ, ಬೆಳಕೆಲ್ಲ ವೃತ್ತದ ಅಂಚಿಗೆ ಬಂದು ನಿಲ್ಲುತ್ತದೆ. ಅದೇ ಗುಳ್ಳೆ. ಅಂದಿನವರ ಕಣ್ಣಿಗೆ ಅದು ದೋಷ. ಎಫ್/5.6ಕ್ಕೆ ಇಳಿಸಿದರೆ ಗುಳ್ಳೆಯೂ ಇಲ್ಲ, ಮಾಯೆಯೂ ಇಲ್ಲ. ಸಾಧಾರಣ ಒಳ್ಳೆಯ ಹಳೇ ಲೆನ್ಸ್ ಉಳಿಯುತ್ತದೆ.

ಹಾಗಾದರೆ ಡೊಮಿಪ್ಲಾನ್‌ನಲ್ಲೂ ಅದೇ ಗುಳ್ಳೆ ಬರಬೇಕಲ್ಲ? ಬರುತ್ತದೆ, ಆದರೆ ಚಿಕ್ಕದಾಗಿ. ಒಂದೇ ವಸ್ತುವನ್ನು ಒಂದೇ ಅಳತೆಯಲ್ಲಿ ಚೌಕಟ್ಟಿಗೆ ತುಂಬಿಸಿದಾಗ, ದೂರದ ದೀಪದ ಗುಳ್ಳೆ ಎಷ್ಟು ದೊಡ್ಡದಾಗಿ ಕಾಣಬೇಕು ಎಂಬುದನ್ನು ನಿರ್ಧರಿಸುವುದು ಅಪರ್ಚರ್ ಬಾಯಿಯ ಅಗಲ. 100 ಎಂಎಂ ಎಫ್/2.8 ಟ್ರಿಯೋಪ್ಲಾನ್‌ನಲ್ಲಿ ಅದು ಸುಮಾರು 36 ಮಿಲಿಮೀಟರ್, 50 ಎಂಎಂ ಎಫ್/2.8 ಡೊಮಿಪ್ಲಾನ್‌ನಲ್ಲಿ ಸುಮಾರು 18. ಗುಳ್ಳೆಯೂ ಅರ್ಧ. ಹೂವಿನ ಹತ್ತಿರ ಹೋಗಿ, ಹಿಂದೆ ಎಲೆಗಳ ಸಂದಿಯಿಂದ ಬಿಸಿಲು ಬರುವ ಕಡೆ ತೆಗೆದರೆ ಚೆನ್ನಾಗಿಯೇ ಕಾಣುತ್ತದೆ. ದೂರ ನಿಂತು ಮನುಷ್ಯರ ಚಿತ್ರ ತೆಗೆದರೆ ಹಿನ್ನೆಲೆ ಬರೀ ಗಲಿಬಿಲಿ.

ಡೊಮಿಪ್ಲಾನ್ ಕೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಅಪರ್ಚರ್ ರಿಂಗನ್ನು 16ಕ್ಕೆ ತಿರುಗಿಸಿ, ಲೆನ್ಸಿನ ಹಿಂಭಾಗದ ಸಣ್ಣ ಪಿನ್ ಒತ್ತಿ. ಬ್ಲೇಡು ಟಕ್ ಎಂದು ಮುಚ್ಚಬೇಕು, ಬಿಟ್ಟ ಕೂಡಲೇ ತೆರೆಯಬೇಕು. ಈ ಲೆನ್ಸಿನ ಕಾಯಿಲೆಯೇ ಆ ಪಿನ್ ಜಾಮ್ ಆಗುವುದು. ಆಟೋ, ಮ್ಯಾನುಯಲ್ ಎಂದು ಬದಲಿಸುವ ಗುಂಡಿ ಇದರಲ್ಲಿ ಇಲ್ಲ. ಹಾಗಾಗಿ ಅಡಾಪ್ಟರಿನ ಒಳಗೆ ಪಿನ್ ಒತ್ತುವ ಅಂಚು ಇಲ್ಲದಿದ್ದರೆ ರಿಂಗ್ ಎಷ್ಟು ತಿರುಗಿಸಿದರೂ ಲೆನ್ಸ್ 2.8ರಲ್ಲೇ ಇರುತ್ತದೆ. ಗುಳ್ಳೆ ಬೇಕೆನ್ನುವವರಿಗೆ ಅದೂ ವರವೇ.

ದೊಡ್ಡ ಗುಳ್ಳೆಯೇ ಬೇಕು, ಟ್ರಿಯೋಪ್ಲಾನ್‌ನ ಬೆಲೆ ಬೇಡ ಎಂದಾದರೆ ಅಜ್ಜನ ಹತ್ತಿರ ಹಳೆಯ ಸ್ಲೈಡ್ ಪ್ರೊಜೆಕ್ಟರಿನ ಲೆನ್ಸ್ ಇದೆಯಾ ಕೇಳಿ. ಮೇಯರ್‌ನ ಡಯಾಪ್ಲಾನ್ 100 ಎಂಎಂ ಎಫ್/2.8, ಆಮೇಲೆ ಪೆಂಟಾಕಾನ್ ಎವಿ ಹೆಸರಿನಲ್ಲಿ ಬಂದದ್ದು, ಅದೂ ಟ್ರಿಪ್ಲೆಟ್ಟೇ. ಗುಳ್ಳೆ ಹತ್ತಿರ ಹತ್ತಿರ ಟ್ರಿಯೋಪ್ಲಾನ್‌ನದ್ದೇ. ಆದರೆ ಅದರಲ್ಲಿ ಅಪರ್ಚರ್ ಇಲ್ಲ, ಫೋಕಸ್ ರಿಂಗ್ ಇಲ್ಲ, ಕ್ಯಾಮೆರಾಕ್ಕೆ ಕೂರುವ ಮೌಂಟೂ ಇಲ್ಲ. ತಿರುಗಿಸಿದರೆ ಉದ್ದವಾಗುವ ಹೆಲಿಕಾಯ್ಡ್ ಟ್ಯೂಬ್ ಕೊಂಡು, ಅದಕ್ಕೆ ಲೆನ್ಸನ್ನು ನೇರವಾಗಿ ಕೂರಿಸಿಕೊಳ್ಳಬೇಕು. ಸೊಟ್ಟ ಕೂತರೆ ಚಿತ್ರದ ಒಂದು ಬದಿ ಸದಾ ಮಸುಕು. ಕೈಕೆಲಸದಲ್ಲಿ ಆಸಕ್ತಿ ಇದ್ದವರಿಗೆ ಮಾತ್ರ ಈ ದಾರಿ. ಇನ್ನೊಂದು ಮಾತು: ಮೇಯರ್ ಹೆಸರನ್ನು 2014ರಲ್ಲಿ ಬೇರೆ ಕಂಪನಿಯೊಂದು ಎಬ್ಬಿಸಿ ಹೊಸ ಟ್ರಿಯೋಪ್ಲಾನ್ ಮಾಡಿತು, 2018ರಲ್ಲಿ ಅದು ದಿವಾಳಿಯಾಗಿ ಹೆಸರು ಮತ್ತೊಬ್ಬರ ಕೈಗೆ ಹೋಯಿತು. ಹಾಗಾಗಿ "ಮೇಯರ್ ಟ್ರಿಯೋಪ್ಲಾನ್" ಎಂದಷ್ಟೇ ಹೇಳಿದರೆ 1950ರ ದಶಕದ್ದೋ ಈಚಿನದ್ದೋ ಕೇಳಿ ತಿಳಿದುಕೊಳ್ಳಿ.

ಈಗ ಅಡಾಪ್ಟರ್. ಇಲ್ಲಿ ಅಜ್ಜ ಪೂರ್ತಿ ತಪ್ಪು. ಬೇಕಂತಲೇ ತಪ್ಪು ಹೇಳಿದ್ದಾರೆ ಅಂತ ನನಗನ್ನಿಸುವುದಿಲ್ಲ. ಥ್ರೆಡ್ ಸರಿಯಾಗಿ ಕೂರುವುದರಿಂದ ಎಷ್ಟೋ ಜನ ಮಾರುವವರೂ ಹೀಗೇ ನಂಬಿದ್ದಾರೆ. ಕುಲ್ಮಿನಾರ್ ನಿಜಕ್ಕೂ ಲೈಕಾ ಥ್ರೆಡ್ಡಿನದ್ದಾದರೆ, ಅದರ ಮೌಂಟಿನಿಂದ ಫಿಲ್ಮಿಗೆ ಇರಬೇಕಾದ ದೂರ 28.8 ಮಿಲಿಮೀಟರ್. ನಿಮ್ಮ ಸೋನಿಯಲ್ಲಿ ಮೌಂಟಿನಿಂದ ಸೆನ್ಸರಿಗೆ 18. ಉಳಿದ 10.8 ಮಿಲಿಮೀಟರನ್ನು ಅಡಾಪ್ಟರ್ ತುಂಬುತ್ತದೆ. ಪ್ಯಾಕ್ಸೆಟ್‌ಗಾಗಿ ಮಾಡಿದ ಟೆಲೆಕ್ಸಾನ್‌ಗೂ ಅದೇ 39 ಮಿಲಿಮೀಟರ್ ಥ್ರೆಡ್ಡು. ಆದರೆ ಅದಕ್ಕೆ ಬೇಕಾದ ದೂರ ಸುಮಾರು 44 ಮಿಲಿಮೀಟರ್. ಲೈಕಾ ಅಡಾಪ್ಟರ್ ಹಾಕಿದರೆ ಲೆನ್ಸ್ ಸೆನ್ಸರಿಗೆ 15 ಮಿಲಿಮೀಟರಿಗೂ ಹೆಚ್ಚು ಹತ್ತಿರ ಬಂದು ಕೂರುತ್ತದೆ, ಫೋಕಸ್ ರಿಂಗ್ ಆ ತುದಿಯಿಂದ ಈ ತುದಿಗೆ ತಿರುಗಿಸಿದರೂ ಯಾವುದೂ ಸ್ಪಷ್ಟವಾಗದು. ಲೆನ್ಸ್ ಕೆಟ್ಟಿದೆ ಅಂದುಕೊಂಡು ನನ್ನ ಹತ್ತಿರ ಬಿಚ್ಚಿಸಲು ತಂದವರಿದ್ದಾರೆ.

ಇನ್ನು ಕೆಲವರು 39ರಿಂದ 42ಕ್ಕೆ ಹೋಗುವ ತೆಳು ಬಳೆ ಹಾಕಿ, ಪ್ರಾಕ್ಟಿಕಾ ಥ್ರೆಡ್ಡಿನ ಎಂ42 ಅಡಾಪ್ಟರಿನಲ್ಲಿ ಕೂರಿಸಿ ಎನ್ನುತ್ತಾರೆ. ಎಂ42ಕ್ಕೆ ಬೇಕಾದ ದೂರ 45.46. ಈಗ ಲೆನ್ಸ್ ಒಂದೂವರೆ ಮಿಲಿಮೀಟರ್ ದೂರ ಹೋಯಿತು. ಕೇಳಲು ಏನೂ ಅಲ್ಲ ಅನ್ನಿಸುತ್ತದೆ, ಆದರೆ 85 ಎಂಎಂ ಲೆನ್ಸಿನಲ್ಲಿ ಅಷ್ಟಕ್ಕೇ ಐದು ಮೀಟರಿನಾಚೆಯದ್ದು ಯಾವುದೂ ಫೋಕಸಿಗೆ ಸಿಗುವುದಿಲ್ಲ. ಮುಖದ ಚಿತ್ರಕ್ಕೆ ನಡೆಯುತ್ತದೆ, ಆಗುಂಬೆಯ ಸೂರ್ಯಾಸ್ತಕ್ಕೆ ನಡೆಯುವುದಿಲ್ಲ. ಶಾಖ್ಟ್ ಟ್ರಾವೆನಾರ್ ಎಕ್ಸಾಕ್ಟಾ ಎಂಬ ಹಳೆಯ ಜರ್ಮನ್ ಕ್ಯಾಮೆರಾದ ಮೌಂಟಿನಲ್ಲೂ ಬಂದಿದೆ, ಎಂ42ನಲ್ಲೂ ಬಂದಿದೆ. 42 ಮಿಲಿಮೀಟರಿನ ಥ್ರೆಡ್ ಇದ್ದರೆ ಎಂ42, ತಿರುಗಿಸಿ ಲಾಕ್ ಮಾಡುವ ಬಯೊನೆಟ್ ಇದ್ದರೆ ಬಹುಪಾಲು ಎಕ್ಸಾಕ್ಟಾ. ಎಕ್ಸಾಕ್ಟಾ ದೂರ 44.7. ಅಡಾಪ್ಟರ್ ಅಗ್ಗ, ಯಾವುದೆಂದು ಖಚಿತ ಮಾಡಿಕೊಂಡು ತರಿಸಿದರೆ ಆಯಿತು. ಊರಲ್ಲಿ ಯಾರಾದರೂ ನಿಕಾನ್ ಡಿಎಸ್‌ಎಲ್‌ಆರ್ ಇರುವವರು ಇವನ್ನು ಹಾಕಲು ಕೇಳಿದರೆ ಬೇಡ ಅನ್ನಿ. ಅದರ ದೂರ 46.5, ಇವೆಲ್ಲಕ್ಕಿಂತ ಹೆಚ್ಚು. ನಡುವೆ ಇನ್ನೊಂದು ಗಾಜಿರುವ ಅಡಾಪ್ಟರ್ ಹಾಕದೆ ದೂರದ ದೃಶ್ಯ ಸಿಗದು, ಆ ಗಾಜು ಹಾಕಿದರೆ ಲೆನ್ಸಿನ ಗುಣವೇ ಹೋಗುತ್ತದೆ.

ಇನ್ನು ಸ್ಥಿತಿ. ಎಣ್ಣೆ, ಮಬ್ಬು, ಎಳೆ ಎಂದು ಮೂರನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ನನ್ನ ಕಣ್ಣಿಗೆ ಅವು ಬೇರೆ ಬೇರೆ ಕಾಯಿಲೆ, ಅಪಾಯವೂ ಬೇರೆ.

ಟ್ರಾವೆನಾರ್ ಬ್ಲೇಡಿನ ಎಣ್ಣೆಗೆ ಹೆದರಬೇಡಿ. ನಿಮ್ಮದು ಎರಡು ರಿಂಗಿನ ಪ್ರಿಸೆಟ್ ಮಾದರಿ, ಬ್ಲೇಡನ್ನು ನಿಮ್ಮ ಕೈಯೇ ಮುಚ್ಚುತ್ತದೆ, ಸ್ಪ್ರಿಂಗ್ ಅಲ್ಲ. ಎಣ್ಣೆಯಿಂದ ನಿಧಾನವಾಗುವ ಪ್ರಶ್ನೆಯೇ ಇಲ್ಲ. ಆಟೋ ಲೆನ್ಸಿನಲ್ಲಾದರೆ ಬ್ಲೇಡು ತಡವಾಗಿ ಮುಚ್ಚಿ ಚಿತ್ರ ಬೆಳ್ಳಗಾಗುತ್ತದೆ, ಅಲ್ಲಿ ಅದು ನಿಜವಾದ ದೋಷ. ಒಂದನ್ನು ಮಾತ್ರ ನೋಡಿಕೊಳ್ಳಿ: ಬ್ಲೇಡಿನ ಎಣ್ಣೆ ಅಂದರೆ ಫೋಕಸ್ ಥ್ರೆಡ್ಡಿನ ಹಳೇ ಗ್ರೀಸು ಕರಗಿ ಹರಿದಿದೆ ಅಂತಲೂ ಅರ್ಥ. ರಿಂಗ್ ಒಣಗಿ ಕರಕರ ಅನ್ನುತ್ತಿದ್ದರೆ ಹೊಸ ಗ್ರೀಸು ಹಾಕಿಸಬೇಕು. ಅದನ್ನು ಮನೆಯಲ್ಲಿ ಬಿಚ್ಚಬೇಡಿ. ಆ ಥ್ರೆಡ್ಡಿಗೆ ಹಲವು ಆರಂಭಗಳಿರುತ್ತವೆ, ಯಾವುದರಿಂದ ಹೊರಬಂತು ಎಂದು ಗುರುತು ಹಾಕಿಕೊಳ್ಳದೆ ಬಿಚ್ಚಿದರೆ ಮತ್ತೆ ಜೋಡಿಸುವಾಗ ಫೋಕಸ್ ಅಂಕಿ ಎಲ್ಲೋ, ಚಿತ್ರ ಎಲ್ಲೋ.

ಕುಲ್ಮಿನಾರ್ ಮಬ್ಬು ಜೂಜು. ಗ್ರೀಸಿನ ಆವಿ ದಶಕಗಟ್ಟಲೆ ಒಳಗಿನ ಗಾಜಿನ ಮೇಲೆ ಕೂತು ಹಾಗಾಗುತ್ತದೆ. ಎದುರು ಬೆಳಕು ಬಿದ್ದರೆ ಚಿತ್ರದ ಕಪ್ಪು ಬೂದಿಯಾಗುತ್ತದೆ. ಬಹಳ ಸಲ ಮುಂದಿನ ಗಾಜಿನ ಗುಂಪನ್ನು ಬಿಚ್ಚಿ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿದರೆ ಗಾಜು ಹೊಸದರಂತೆ ಬರುತ್ತದೆ. ಕೆಲವು ಸಲ ಆ ಪದರ ಗಾಜಿನ ಲೇಪವನ್ನೇ ತಿಂದಿರುತ್ತದೆ, ಒರೆಸಿದ ಮೇಲೂ ಮಸುಕು ಹೋಗುವುದಿಲ್ಲ. ಬಿಚ್ಚುವ ಮುಂಚೆ ಯಾವುದು ಅಂತ ಹೇಳಲು ನನಗೂ ಆಗುವುದಿಲ್ಲ. ಕುಲ್ಮಿನಾರ್‌ನಲ್ಲಿ ಟ್ರಿಪ್ಲೆಟ್‌ನಂತೆ ಎಲ್ಲವೂ ಬಿಡಿ ಗಾಜಲ್ಲ. ಒಂದು ಜೋಡಿಯನ್ನು ಬಾಲ್ಸಮ್ ಅಂಟಿನಿಂದ ಕೂಡಿಸಿರುತ್ತಾರೆ. ಅಂಚಿನಲ್ಲಿ ಕಾಮನಬಿಲ್ಲಿನ ಬಣ್ಣದ ಬಳೆ ಅಥವಾ ಬೆಳ್ಳಿಯಂಥ ತೇಪೆ ಕಂಡರೆ ಆ ಅಂಟು ಬಿಟ್ಟಿದೆ. ಅದನ್ನು ಸರಿಪಡಿಸುವ ಕೂಲಿ ಲೆನ್ಸಿನ ಬೆಲೆಯನ್ನು ಮೀರುತ್ತದೆ, ಆಗ ಕೈಬಿಡಿ. ಡೊಮಿಪ್ಲಾನ್‌ನಲ್ಲಿ ಅಂಟೇ ಇಲ್ಲದ್ದರಿಂದ ಈ ಕಾಟವೂ ಇಲ್ಲ. ಅಗ್ಗದ ಲೆನ್ಸಿಗಿರುವ ಒಂದು ಲಾಭ. ಗಾಜಿನ ಒಳಗೇ ಒಂದೆರಡು ಪುಟ್ಟ ಗಾಳಿಗುಳ್ಳೆ ಕಂಡರೆ ಚಿಂತೆ ಬೇಡ, ಆ ಕಾಲದ ಗಾಜು ಕರಗಿಸುವಾಗ ಉಳಿದದ್ದು, ಚಿತ್ರಕ್ಕೆ ಏನೂ ಆಗದು. ಮುಂದಿನ ಗಾಜಿನ ಸಣ್ಣ ಗೀರಿಗಿಂತ ಹಿಂದಿನ ಗಾಜಿನ ಗೀರು ಹೆಚ್ಚು ಕೆಟ್ಟದ್ದು.

ಟೆಲೆಕ್ಸಾನ್ ಎಳೆ ನೀವು ಹೇಳಿದ ರೀತಿ ನೋಡಿದರೆ ಫಂಗಸ್ಸೇ. ಅದು ಹರಡುತ್ತದಾ ಎಂಬ ಪ್ರಶ್ನೆಗೆ ನೇರ ಉತ್ತರ: ಸೋಂಕು ರೋಗದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟುವುದಲ್ಲ. ಫಂಗಸ್ಸಿನ ಬೀಜಕಣ ಗಾಳಿಯಲ್ಲಿ ಎಲ್ಲೆಡೆ ಇದೆ, ನಿಮ್ಮ ಹೊಚ್ಚ ಹೊಸ ಸೋನಿ ಲೆನ್ಸಿನ ಮೇಲೂ ಈಗಾಗಲೇ ಕೂತಿದೆ. ಅದು ಮೊಳೆಯಲು ತೇವ ಬೇಕು. ಗಾಳಿಯ ತೇವಾಂಶ ಶೇಕಡ 65, 70 ದಾಟಿ ದಿನಗಟ್ಟಲೆ ನಿಂತರೆ ಶುರು. ಫಂಗಸ್ ಹಿಡಿದ ಲೆನ್ಸಿನ ಪಕ್ಕದ್ದಕ್ಕೂ ಹಿಡಿಯುವುದು ಎರಡೂ ಒಂದೇ ಥಂಡಿ ಪೆಟ್ಟಿಗೆಯಲ್ಲಿ ಇದ್ದದ್ದರಿಂದ. ಹೊಸದಾಗಿ ಹಿಡಿದದ್ದನ್ನು ಹೈಡ್ರೋಜನ್ ಪೆರಾಕ್ಸೈಡ್‌ನಿಂದ ಒರೆಸಿ ತೆಗೆಯಬಹುದು. ಬಹುಕಾಲ ಕೂತದ್ದು ಬಿಡುವ ಆಮ್ಲ ಗಾಜಿನ ಲೇಪವನ್ನು ಕೊರೆದಿರುತ್ತದೆ, ಆ ಗುರುತು ಹೋಗದು. ಬಿಸಿಲಿಗಿಟ್ಟರೆ ಹೋಗುತ್ತದೆ ಎಂಬುದನ್ನು ನಂಬಬೇಡಿ. ಬೆಳವಣಿಗೆ ನಿಲ್ಲಬಹುದು, ಕೊರೆದ ಗುರುತು ಅಳಿಯುವುದಿಲ್ಲ. ಮುಚ್ಚಳ ತೆಗೆದು ಕಿಟಕಿಯಲ್ಲಿಟ್ಟ ಲೆನ್ಸ್ ಬಿಸಿಲನ್ನು ಪರದೆಯ ಮೇಲೆ ಕೂಡಿಸಿ ಸುಟ್ಟುಬಿಡುವ ಅಪಾಯ ಬೇರೆ.

ಹಾಗಾಗಿ ಮಲೆನಾಡಿನಲ್ಲಿ ನಿಮಗೆ ಬೇಕಾದದ್ದು ಲೆನ್ಸುಗಳಿಗೆ ಒಣ ಜಾಗ. ಆಷಾಢದ ಜಡಿಮಳೆಯಲ್ಲಿ ಚಪ್ಪಲಿ, ಬೆಲ್ಟು, ಪುಸ್ತಕದ ರಟ್ಟು ಎಲ್ಲಕ್ಕೂ ಬೂಷ್ಟು ಹಿಡಿಯುವ ಮನೆಯಲ್ಲಿ ಕಪಾಟಿನ ಮೇಲಿನ ತಟ್ಟೆ ಒಣ ಜಾಗವಲ್ಲ. ಅಜ್ಜ ಕೊಡುವ ಚಂದದ ಚರ್ಮದ ಚೀಲವನ್ನು ನೆನಪಿಗೆ ಬೇರೆ ಎತ್ತಿಡಿ, ಲೆನ್ಸನ್ನು ಅದರಲ್ಲಿ ಇಡಬೇಡಿ. ಚರ್ಮ ತೇವ ಹಿಡಿಯುತ್ತದೆ, ಫಂಗಸ್ಸಿಗೆ ಊಟವೂ ಹೌದು. ಅಕ್ಕಿ ಡಬ್ಬಿಯಲ್ಲಿ ಹುಗಿಯುವವರಿದ್ದಾರೆ, ಅಕ್ಕಿಯ ಧೂಳು ಫೋಕಸ್ ರಿಂಗಿನೊಳಗೆ ಇಳಿದದ್ದನ್ನು ತೆಗೆದವನು ನಾನು. ನುಸಿಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ. ವಿದ್ಯುತ್ತಿನ ಡ್ರೈ ಕ್ಯಾಬಿನೆಟ್ ಒಳ್ಳೆಯದು, ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋಗುವ ಮನೆಯಾದರೆ ಅದನ್ನೇ ನೆಚ್ಚಬೇಡಿ. ರಬ್ಬರ್ ಅಂಚಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವಾಂಶ ತೋರಿಸುವ ಪುಟ್ಟ ಮೀಟರು ಸಾಕು. ಮೀಟರು 40ರಿಂದ 50ರ ನಡುವೆ ಇರಲಿ. 30ಕ್ಕಿಂತ ಕೆಳಗೆ ತಂದು ಸಾಧಿಸುವುದು ಏನಿಲ್ಲ. ಸಿಲಿಕಾ ಜೆಲ್ ಬಣ್ಣ ಬದಲಾದಾಗ ಓವನ್ನಿನಲ್ಲಿ 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬಿಸಿ ಮಾಡಿದರೆ ಮತ್ತೆ ಬಳಸಬಹುದು. ನೀಲಿ ಬಣ್ಣದ್ದಕ್ಕಿಂತ ಕಿತ್ತಳೆ ಬಣ್ಣದ್ದನ್ನು ಕೊಳ್ಳಿ. ನೀಲಿಯಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ, ಅಡುಗೆಮನೆಯ ಓವನ್ನಿಗೆ ಬೇಡ. ಎಲ್ಲಕ್ಕಿಂತ ಮುಖ್ಯ, ಲೆನ್ಸನ್ನು ಹೊರಗೆ ತೆಗೆದು ಬಳಸುತ್ತಿರಿ.

ನಾನು ನಿಮ್ಮ ಜಾಗದಲ್ಲಿದ್ದರೆ ಟ್ರಾವೆನಾರನ್ನು ಮೊದಲು ಕೈಗೆತ್ತಿಕೊಳ್ಳುತ್ತಿದ್ದೆ. ಬೆರ್ಟೆಲೆಯ ಕೈಗುಣ, ಮುಖಚಿತ್ರಕ್ಕೆ ಹೇಳಿ ಮಾಡಿಸಿದ 90 ಎಂಎಂ, ದೋಷ ಬರೀ ಎಣ್ಣೆ, ಮತ್ತು ಶಾಖ್ಟ್ ಎಂಬ ಹೆಸರಿಗೆ ಇನ್ನೂ ಟ್ರಿಯೋಪ್ಲಾನ್‌ನಂಥ ಹುಚ್ಚು ಬೆಲೆ ಬಂದಿಲ್ಲ. ಡೊಮಿಪ್ಲಾನ್ ಪಿನ್ ಪರೀಕ್ಷೆ ಪಾಸಾದರೆ ಒಂದು ಹೊತ್ತಿನ ಊಟದ ದುಡ್ಡಿಗೆ ತಗೊಳ್ಳಿ, ಹೆಚ್ಚಿಗೆ ಬೇಡ. ಕುಲ್ಮಿನಾರ್‌ಗೆ ಮಬ್ಬು ತೋರಿಸಿಯೇ ಚೌಕಾಸಿ ಮಾಡಿ, ಒರೆಸಿದರೂ ಹೋಗದಿದ್ದರೆ ಬೇಸರವಾಗದಷ್ಟು ಮಾತ್ರ ಕೊಡಿ. ಟೆಲೆಕ್ಸಾನ್ ಎಫ್/5.6ರ ಲೆನ್ಸ್, ಫಂಗಸ್ ಇದೆ, ಸರಿಯಾದ ಅಡಾಪ್ಟರ್ ಹುಡುಕಬೇಕು; ಅಲ್ಲೇ ಬಿಡಿ.

ಕೊಳ್ಳುವುದಾದರೆ ಊರಿಗೆ ಬರುವ ಮುಂಚೆಯೇ ಪ್ರತಿಯೊಂದರಲ್ಲೂ ದೂರದ ಕಟ್ಟಡ, ಹತ್ತಿರದ ಮುಖ, ಎದುರು ಬೆಳಕು ಹೀಗೆ ಮೂರು ಬಗೆಯ ಚಿತ್ರ ತೆಗೆದು ನೋಡಿ. 1960ರ ದಶಕದಲ್ಲಿ ಜಪಾನಿನ ಕ್ಯಾಮೆರಾಗಳು ಬಂದ ಮೇಲೆ ಶಾಖ್ಟ್‌ನಂಥ ಎಷ್ಟೋ ಕಂಪನಿಗಳು 1970ರ ಹೊತ್ತಿಗೆ ಬಾಗಿಲು ಹಾಕಿದವು, ಹೊಸ ಬಿಡಿಭಾಗ ಎಲ್ಲೂ ಇಲ್ಲ. ಬ್ಲೇಡೋ ರಿಂಗೋ ಮುರಿದರೆ ಅದೇ ಮಾದರಿಯ ಇನ್ನೊಂದು ಕೆಟ್ಟ ಲೆನ್ಸಿನಿಂದಲೇ ತೆಗೆಯಬೇಕು. ಅಂಥ ಕೆಟ್ಟ ಲೆನ್ಸ್ ಬೆಂಗಳೂರಿಗಿಂತ ನಿಮ್ಮ ಅಜ್ಜನ ಮೇಜಿನ ಕೆಳಗಿನ ರಟ್ಟಿನ ಡಬ್ಬಿಯಲ್ಲಿ ಬೇಗ ಸಿಗುತ್ತದೆ. ಕೇಳಿ ನೋಡಿ, ಚಿಲ್ಲರೆ ದುಡ್ಡಿಗೆ ಕೊಡಬಹುದು.